ಕಂದೀಲು ಹಿಡಿದವನ ಮಿಸ್ತ್ರಿಗಿರಿ

ಭಾಲ್ಕಿ ಸ್ಟೇಷನ್ನಿಗೆ ಹೋಗುವ ರಸ್ತೆಯ ಪಕ್ಕದಲ್ಲಿ, ಹುಣಸೆ ಮರದ ಕೆಳಗೆ, ತಗಡಿನ ಒಂದು ಛಪ್ಪರವಿತ್ತು. ಊರಿನವರು ಅದನ್ನು ಮೋಟಾರ್ ಕಾರಖಾನೆ ಎಂದು ಗೌರವದಿಂದ ಕರೆಯುತ್ತಿದ್ದರು. ಕಾರಖಾನೆಯ ಆಸ್ತಿಯೆಂದರೆ ಎರಡು ಗೋಣಿತಟ್ಟು, ಒಂದು ಕಂದೀಲು, ಹತ್ಯಾರಗಳ ಒಂದು ಕಬ್ಬಿಣದ ಪೆಟ್ಟಿಗೆ ಮತ್ತು ಮಡೆಪ್ಪ. ಇಷ್ಟರಲ್ಲಿ ಉಸಿರಾಡುವಂಥದ್ದು ಮಡೆಪ್ಪ ಒಬ್ಬನೇ ಆದ್ದರಿಂದ ಯಾರ ಜೊತೆಗಾದರೂ ಮಾತಾಡಬೇಕು ಎನಿಸಿದಾಗ ಅವನಿಗೆ ಬಹಳ ಅಡಚಣೆಯಾಗುತ್ತಿತ್ತು.

ಮೊದಲು ಹೀಗಿರಲಿಲ್ಲ. ಛಪ್ಪರದ ನಿಜವಾದ ಧಣಿ ಜಹೀರೋದ್ದೀನ ಮಿಸ್ತ್ರಿ. ಬೀದರದಿಂದ ಔರಾದದವರೆಗೆ ಯಾವ ಮೋಟಾರು ಕೆಮ್ಮಿದರೂ ಅವನ ಮುಂದೆ ಬಂದು ನಿಲ್ಲಬೇಕು, ಅಂಥ ಹೆಸರು. ಹನ್ನೊಂದು ವರ್ಷ ಮಿಸ್ತ್ರಿ ತನ್ನ ಗೋಣಿಯ ಮೇಲೆ ಕೂತು ಮೋಟಾರು ಬಿಚ್ಚಿದ, ಕಟ್ಟಿದ. ಹನ್ನೊಂದು ವರ್ಷ ಮಡೆಪ್ಪ ಅವನ ಎದುರಿನ ಗೋಣಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಕಂದೀಲು ಹಿಡಿದ. ಮಿಸ್ತ್ರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅಷ್ಟು ವರ್ಷಗಳಲ್ಲಿ ಅವನು ಶಿಷ್ಯನಿಗೆ ಕೊಟ್ಟ ವಿದ್ಯೆಯೆಲ್ಲ ಮೂರು ಮಾತಿನಲ್ಲಿ ಮುಗಿಯುತ್ತಿತ್ತು: "ಕಂದೀಲು ಮ್ಯಾಲ ಹಿಡಿ", "ಕಂದೀಲು ಕೆಳಗ ಹಿಡಿ", "ಚಾ ತಾ". ಆದರೂ ಮಡೆಪ್ಪನಿಗೆ ಅದು ಸುಖದ ಕಾಲ. ಹೆಂಡತಿ ಸತ್ತು ವರ್ಷಗಳಾಗಿದ್ದವು, ಮಕ್ಕಳಿಲ್ಲ; ಬೈಯುವುದಕ್ಕೆ ಒಬ್ಬರಿದ್ದರಲ್ಲ ಎಂದು ಅವನು ಸಂತೋಷದಿಂದಿದ್ದ.

ಆಮೇಲೆ ಪೋಲೀಸ್ ಆ್ಯಕ್ಷನ್ ಆಯಿತು. ನಿಜಾಮರ ಸರಕಾರ ಹೋಗಿ ಹೊಸ ಸರಕಾರ ಬಂದ ಆ ದಿನಗಳಲ್ಲಿ ಊರಿನ ಗಾಳಿ ಕೆಟ್ಟಿತ್ತು. ಎಂಟು ದಿನ ಮಿಸ್ತ್ರಿ ಮಡೆಪ್ಪನ ಮನೆಯ ಜೋಳದ ಕೋಣೆಯಲ್ಲಿದ್ದ. ಒಳಗೆ ಏನೋ ಸದ್ದಾಯಿತಲ್ಲ ಎಂದವರಿಗೆಲ್ಲ ಮಡೆಪ್ಪ "ಇಲಿ ಅದಾವರಿ, ಭಾಳ ದೊಡ್ಡವು" ಎಂದು ಹೇಳಿದ. ಒಂಬತ್ತನೆಯ ದಿನ ಹೈದರಾಬಾದಿನಲ್ಲಿದ್ದ ಮಗಳು ಫಕ್ರುನ್ನಿಸಾ ತನ್ನ ಗಂಡನನ್ನು ಕಳಿಸಿ ತಂದೆಯನ್ನು ಕರೆಸಿಕೊಂಡಳು. "ಎರಡು ತಿಂಗಳದಾಗ ಬರ್ತೇನಿ, ಪೆಟ್ಟಿಗಿ ಸಂಭಾಳಸು" ಎಂದು ಹೇಳಿ ಮಿಸ್ತ್ರಿ ರೈಲು ಹತ್ತಿದ. ಆ ಮಾತಿಗೆ ಈಗ ಹದಿನಾಲ್ಕು ತಿಂಗಳು.

ಬರಬೇಕೆಂದು ಕಾಗದ ಬರೆದರೆ ಆಗದೇ? ಆಗುವುದಿಲ್ಲ. ಮಿಸ್ತ್ರಿಗೆ ಓದಲು ಬರುವುದು ಉರ್ದು ಒಂದೇ, ಮಡೆಪ್ಪನಿಗೆ ಬರೆಯಲು ಬರುವುದು ನಾಲ್ಕು ಕನ್ನಡ ಅಕ್ಷರ. ಹಾಗಾಗಿ ತಿಂಗಳಿಗೊಮ್ಮೆ ಅಂಚೆ ಕಚೇರಿಯ ಬೇವಿನ ಮರದ ಕೆಳಗೆ ಕೂರುವ ಅಬ್ದುಲ ಸಮದ ಮುನ್ಶಿಯ ಹತ್ತಿರ ಹೋಗಬೇಕು. ಹೊಸ ಸರಕಾರ ಉರ್ದು ಅರ್ಜಿಗಳನ್ನು ಕೇಳುವುದು ಕಡಿಮೆ ಮಾಡಿದ ಮೇಲೆ ಮುನ್ಶಿಗೆ ಮಡೆಪ್ಪನ ಕಾರ್ಡೇ ದೊಡ್ಡ ಕೆಲಸವಾಗಿತ್ತು.

"ಬರೀರಿ ಮುನ್ಶಿಜಿ. ಎಲ್ಲಾ ಖೈರಿಯತ್ ಅದ."

"ಬರದೆ. ಮತ್ತ?"

"ಕೆಲಸ ಛಲೋ ನಡದದ. ನಾ ಒಬ್ಬನೇ ಎಲ್ಲಾ ಸಂಭಾಳಸ್ಲತ್ತೀನಿ. ನೀವು ಕಾಳಜಿ ಮಾಡಬ್ಯಾಡ್ರಿ."

"ಬರದೆ. ಮತ್ತ? ಇನ್ನ ಅರ್ಧಾ ಕಾರ್ಡ್ ಖಾಲಿ ಅದ ನೋಡು."

ಮಡೆಪ್ಪ ಆ ಖಾಲಿ ಅರ್ಧವನ್ನು ನೋಡುತ್ತಿದ್ದ. ಅಲ್ಲಿ ಬರೆಸಬೇಕಾದದ್ದು ಒಂದೇ ಮಾತಿತ್ತು: ಬಾ, ನನಗೆ ಹೊತ್ತು ಹೋಗುತ್ತಿಲ್ಲ. ಆದರೆ ನಲವತ್ತೈದು ವರ್ಷದ ಗಂಡಸು ಇಂಥ ಮಾತನ್ನು ಮೂರನೆಯವನೊಬ್ಬನ ಮುಂದೆ, ಅದೂ ಅಂಚೆ ಕಚೇರಿಯ ಎದುರಿಗೆ, ಅದೂ ಕಿವಿ ಮಂದವಾದ ಮುನ್ಶಿಗೆ ಕೇಳುವಷ್ಟು ಜೋರಾಗಿ ಹೇಳುವುದು ಹೇಗೆ? "ಖಾಲಿ ಇರ್ಲಿರಿ" ಎನ್ನುತ್ತಿದ್ದ. ಹೀಗೆ ಹದಿನಾಲ್ಕು ಅರ್ಧ ಕಾರ್ಡುಗಳು ಹೈದರಾಬಾದಿಗೆ ಹೋದವು. ಪ್ರತಿ ಸಂಜೆ ಮಡೆಪ್ಪ ರೂಢಿಯಂತೆ ಎರಡು ಕಪ್ಪು ಚಹಾ ಮಾಡಿ, ತನ್ನದನ್ನು ಬಿಸಿ ಇರುವಾಗ, ಮಿಸ್ತ್ರಿಯದನ್ನು ಆರಿದ ಮೇಲೆ, ಎರಡನ್ನೂ ತಾನೇ ಕುಡಿಯುತ್ತಿದ್ದ.

ಇಂಥ ಹೊತ್ತಿನಲ್ಲಿ ವೈಜಿನಾಥ ಸಾವಕಾರರ ಮೋಟಾರು ಕೋಟೆಯ ಅಗಸಿ ಬಾಗಿಲ ಮುಂದೆ ನಿಂತುಬಿಟ್ಟಿತು. ಸಾವಕಾರರು ಧಾನ್ಯದ ಅಡತಿ ವ್ಯಾಪಾರಿಗಳು. ಛಪ್ಪರದ ಜಾಗವೂ ಅವರದೇ. ಹೈದರಾಬಾದಿಗೆ ಹೊರಟುಹೋದ ಜಹಗೀರದಾರನೊಬ್ಬನ ಹಳೆಯ ವಿಲಾಯತಿ ಮೋಟಾರನ್ನು ಅವರು ಹೊಸದಾಗಿ ಕೊಂಡಿದ್ದರು. ಬರುವ ಸೋಮವಾರ ಔರಾದದಲ್ಲಿ ಅವರ ಮಗಳು ಶಿವಕಾಂತಾಳ ನಿಶ್ಚಯ. "ಮೋಟಾರದಾಗೇ ಬರ್ತೇವಿ" ಎಂದು ಬೀಗರಿಗೆ ಹೇಳಿಕಳಿಸಿ ಆಗಿತ್ತು. ಈಗ ನೋಡಿದರೆ ಎಂಜಿನ್ನು ಒದರುತ್ತದೆ, ಗೇರು ಬೀಳುತ್ತದೆ, ಗಾಲಿ ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಸುಮ್ಮನಿದೆ.

ಜನ ಕೂಡಿತು. ದೃಷ್ಟಿಯಾಗಿದೆ ಎಂದರು ಕೆಲವರು. ಹೊಸ ಸರಕಾರದ ಪೆಟ್ರೋಲಿನಲ್ಲಿ ಮೊದಲಿನ ಕಸುವಿಲ್ಲ ಎಂದರು ಇನ್ನು ಕೆಲವರು. ಮಡೆಪ್ಪನಿಗೆ ಕರೆ ಹೋಯಿತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ರೋಗ ಹಿಡಿಯುವುದರಲ್ಲಿ ಮಡೆಪ್ಪ ದಡ್ಡನಲ್ಲ. ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದವನ ಕಿವಿ ಚುರುಕಾಗಿತ್ತು. ಅವನು ಜಾಲಿ ಕಟ್ಟಿಗೆಯ ಒಂದು ತುದಿಯನ್ನು ಗೇರ್ ಡಬ್ಬಿಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿದ. ಡಬ್ಬಿಯಲ್ಲಿ ಗಲಾಟೆಯಿಲ್ಲ. ಒಂದೇ ಗೇರು ಹೋಗಿದ್ದರೆ ದೋಷ ಅಲ್ಲಿರಬೇಕಿತ್ತು; ಇಲ್ಲಿ ನಾಲ್ಕಕ್ಕೆ ನಾಲ್ಕೂ ಗೇರು ಬೀಳುತ್ತಿವೆ, ಅಲ್ಲಿಂದ ಹಿಂದಿನ ಗಾಲಿಗಳ ಕಡೆ ಹೋಗುವ ಉದ್ದನೆಯ ದಂಡವೂ ತಿರುಗುತ್ತಿದೆ. ಹಾಗಾದರೆ ಕಂಟಕ ಹಿಂದಿನ ಗೋಲಾದಲ್ಲಿ. ಗೋಲಾ ಎಂದರೆ ಹಿಂದಿನ ಎರಡು ಗಾಲಿಗಳ ನಡುವೆ ಇರುವ, ಕುಂಬಳಕಾಯಿ ಗಾತ್ರದ ಕಬ್ಬಿಣದ ಡಬ್ಬಿ. ದಂಡದ ತುದಿಗಿರುವ ಪಿನಿಯನ್ ಎಂಬ ಪುಟ್ಟ ಹಲ್ಲುಚಕ್ರ, ಅಲ್ಲಿ ಕ್ರೌನ್ ಎಂಬ ತಾಟಿನಷ್ಟು ದೊಡ್ಡ ಹಲ್ಲುಚಕ್ರವನ್ನು ತಿರುಗಿಸಿದರೇ ಗಾಲಿಗೆ ಜೀವ. ಮಡೆಪ್ಪ ಗೋಲಾದ ಕೆಳಗಿನ ಬೋಲ್ಟು ಸಡಿಲಿಸಿ ಎಣ್ಣೆ ಇಳಿಸಿದ, ಎರಡು ಬೆರಳ ನಡುವೆ ತಿಕ್ಕಿದ, ಬಿಸಿಲಿಗೆ ಹಿಡಿದ. ಎಣ್ಣೆಯಲ್ಲಿ ಉಕ್ಕಿನ ಚೂರುಗಳು ಮಿನುಗಿದವು.

"ಪಿನಿಯನ್ ಹಲ್ಲು ಉದುರ್ಯಾವ್ರಿ ಸಾವಕಾರ್ರ."

ಊರು ಬೆರಗಾಯಿತು. ಸಾವಕಾರರು ಹೆಗಲ ಮೇಲೆ ಕೈಯಿಟ್ಟರು. "ಮಡೆಪ್ಪಾ, ನೀ ಈಟು ಶ್ಯಾಣ್ಯಾ ಇದ್ದಿ ಅಂತ ಯಾರಿಗೂ ಗೊತ್ತಿರಲಿಲ್ಲ ನೋಡು. ಸೋಮವಾರದೊಳಗ ಆಗ್ತದ?"

ನಾನು ಕಂದೀಲು ಹಿಡಿಯುವವನು, ಬಿಚ್ಚುವುದು ಕಟ್ಟುವುದು ನನಗೆ ತಿಳಿಯದು ಎಂದು ಹೇಳುವುದಕ್ಕೆ ಇದೇ ಸರಿಯಾದ ಸಮಯವಾಗಿತ್ತು. ಆದರೆ ಹೆಗಲ ಮೇಲೆ ಯಾರೂ ಕೈಯಿಡದೆ ಹದಿನಾಲ್ಕು ತಿಂಗಳಾಗಿತ್ತು.

"ಆಗ್ತದ್ರಿ," ಎಂದ ಮಡೆಪ್ಪ.

ಎರಡು ಎತ್ತು ಕಟ್ಟಿ ಮೋಟಾರನ್ನು ಛಪ್ಪರಕ್ಕೆ ಎಳೆಸಿದರು. ಮಡೆಪ್ಪ ಮೊದಲ ಸಲ ಉಸ್ತಾದನ ಗೋಣಿಯ ಮೇಲೆ ಕೂತ. ಕೂರುವ ಮುಂಚೆ ಅದಕ್ಕೆ ಕೈಮುಗಿದ. ಎದುರಿನ ಗೋಣಿ ಖಾಲಿಯಿತ್ತು. ಕಂದೀಲು ಹಿಡಿಯಲು ಯಾರೂ ಇಲ್ಲದ್ದರಿಂದ ಒಂದು ಗೂಟ ನೆಟ್ಟು ಅದಕ್ಕೆ ತೂಗುಹಾಕಿದ. ಎರಡು ದಿನ ಬಿಚ್ಚಿದ. ಉಸ್ತಾದನ ಪೆಟ್ಟಿಗೆಯಲ್ಲಿ ಇದೇ ಅಳತೆಯ ಹಳೆಯ ಕ್ರೌನ್ ಪಿನಿಯನ್ ಜೋಡಿ ಸಿಕ್ಕಿತು. ಕಟ್ಟುವಾಗ ಒಂದೇ ಒಂದು ಸಂಶಯ ಬಂತು. ದಂಡದ ಪಿನಿಯನ್ ನಡುವೆ ಬರುತ್ತದೆ. ಕ್ರೌನ್ ಅದರ ಯಾವ ಪಕ್ಕಕ್ಕೆ ಕೂರಬೇಕು? ಎರಡೂ ಪಕ್ಕಕ್ಕೆ ಲಕ್ಷಣವಾಗಿ ಕೂರುತ್ತಿತ್ತು. ಉಸ್ತಾದ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಮಡೆಪ್ಪ ಕಣ್ಣು ಮುಚ್ಚಿದ. ಹನ್ನೊಂದು ವರ್ಷ ಕಂದೀಲಿನ ಬೆಳಕಲ್ಲಿ ನೋಡಿದ ಆ ಕ್ರೌನ್ ಕಣ್ಣ ಮುಂದೆ ಬಂತು: ತನ್ನ ಉಣ್ಣುವ ಕೈಯ ಕಡೆ. ಪ್ರತಿ ಮೋಟಾರಿನಲ್ಲೂ ಉಣ್ಣುವ ಕೈಯ ಕಡೆ. ಅವನು ಧೈರ್ಯದಿಂದ ಬಲಕ್ಕೆ ಕೂರಿಸಿ ಬೋಲ್ಟು ಬಿಗಿದ.

ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿ ಒಂದು ಗಾಲಿ ತಿರುಗಿಸಿದ. ಇನ್ನೊಂದು ಅದಕ್ಕೆ ವಿರುದ್ಧವಾಗಿ ತಿರುಗಿತು. ಗೋಲಾ ಆರೋಗ್ಯವಾಗಿದೆ ಎನ್ನುವುದಕ್ಕೆ ಅದೇ ಗುರುತು, ಉಸ್ತಾದನೂ ಹೀಗೇ ನೋಡುತ್ತಿದ್ದ. ಮಡೆಪ್ಪ ಖಾಲಿ ಗೋಣಿಯ ಕಡೆ ನೋಡಿ "ಹ್ಯಾಂಗದ?" ಎಂದು ಕೇಳಿದ. ಗೋಣಿ ಏನೂ ಅನ್ನಲಿಲ್ಲ.

ಭಾನುವಾರ ಮತ್ತೆ ಎತ್ತು ಕಟ್ಟಿ ಮೋಟಾರನ್ನು ಸಾವಕಾರರ ಮನೆಯ ಮುಂದೆ ತಂದರು, ಅಲ್ಲಿ ಪರೀಕ್ಷೆ. ಮೋಟಾರಿನ ಹಿಂದೆ ಹತ್ತು ಮಾರು ದೂರದಲ್ಲಿ ಸಾವಕಾರರ ಹೆಂಡತಿ ಲಲಿತಾಬಾಯಿ ಹೊರಸಿನ ಮೇಲೆ ಶಾವಿಗೆ ಒಣಹಾಕಿದ್ದರು. ಮಡೆಪ್ಪ ತೆಂಗಿನಕಾಯಿ ಒಡೆಸಿ, ಎದುರಿನ ಜನರನ್ನು ದೂರ ಸರಿಸಿ, ಮೊದಲನೆ ಗೇರು ಹಾಕಿ ಕ್ಲಚ್ಚು ಬಿಟ್ಟ. ಮೋಟಾರು ಒಂದು ಸಲ ನಡುಗಿ, ಗಂಭೀರವಾಗಿ ಹಿಂದಕ್ಕೆ ಹೋಗಿ, ಹೊರಸು ಹತ್ತಿತು.

"ಯಪ್ಪಾ ನನ್ನ ಶಾವಗಿ!" ಎಂದು ಲಲಿತಾಬಾಯಿ ಚೀರಿದರು.

ಗಡಿಬಿಡಿಯಲ್ಲಿ ಮಡೆಪ್ಪ ಎರಡನೆ ಗೇರು ಹಾಕಿದ. ಮೋಟಾರು ಇನ್ನೂ ಜೋರಾಗಿ ಹಿಂದಕ್ಕೆ ಹೋಗಿ ಗೋಡೆಗೆ ಒಂದು ಗೇಣು ಬಾಕಿ ಇರುವಾಗ ನಿಂತಿತು. ಕೊನೆಗೆ ಹಿಂದಕ್ಕೆ ಹೋಗುವ ಗೇರು ಹಾಕಿದರೆ ಮೆಲ್ಲಗೆ ಮುಂದಕ್ಕೆ ಬಂತು. ಮುಂದಕ್ಕೆ ಮೂರು, ಹಿಂದಕ್ಕೆ ಒಂದು ಗೇರಿದ್ದ ಮೋಟಾರಿಗೆ ಈಗ ಹಿಂದಕ್ಕೆ ಮೂರು, ಮುಂದಕ್ಕೆ ಒಂದು.

ಸಾವಕಾರರು ಬಾಗಿಲ ಹತ್ತಿರ ಬಂದರು. "ಏನಪಾ ಇದು?"

ಮಡೆಪ್ಪನಿಗೂ ಅದೇ ತಿಳಿಯಬೇಕಿತ್ತು. ಆದರೆ ಊರೆಲ್ಲ ನೋಡುತ್ತಿತ್ತು. "ಹೊಸಾ ಹಲ್ಲು ಅದಾವಲ್ರಿ. ಇನ್ನ ನಾಚ್ಲತ್ತಾವ."

"ನಾಚಗಿ ಎಂದ ಬಿಡ್ತಾವ?"

"ಒಂದೆರಡ ದಿನದಾಗ ಬಿಡ್ತಾವರಿ."

"ನಿಶ್ಚಯ ನಾಳಿ ಅದಲ್ಲೋ!" ಎಂದು ಸಾವಕಾರರು ಹಣೆ ಬಡಿದುಕೊಂಡರು. ಬೀಗರಿಗೆ ಕೊಟ್ಟ ಮಾತು ಕೊಟ್ಟದ್ದೇ. ಎತ್ತಿನ ಗಾಡಿಯಲ್ಲಿ ಹೋಗಿ ಇಳಿದರೆ ಮಾನ ಎಲ್ಲಿ ಉಳಿಯಿತು? ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಹಿಂದಿನ ಸೀಟಿನಲ್ಲಿ ಕೂತರು, ಮಡೆಪ್ಪ ಸ್ಟೇರಿಂಗು ಹಿಡಿದ.

ಮೊದಲು ಮುಂದಕ್ಕೇ ಹೋಗಿ ನೋಡಿದರು. ಇದ್ದ ಒಂದೇ ಗೇರಿನಲ್ಲಿ ಮೋಟಾರು ಹೊರೆ ಹೊತ್ತ ಮುದುಕಿಯ ಹಾಗೆ ನಡೆಯಿತು. ಊರು ದಾಟುವಷ್ಟರಲ್ಲಿ ನೀರು ಕುದಿದು ಬಾನೆಟ್ಟಿನಿಂದ ಹಬೆ ಬಂತು. ಹಿಂದಿನಿಂದ ಬಂದ, ಜೋಳದ ದಂಟು ಹೇರಿದ ಎತ್ತಿನ ಗಾಡಿಯೊಂದು ಅವರನ್ನು ದಾಟಿತು. ದಾಟುವಾಗ ಗಾಡಿಯವನು "ನೂಕಬೇಕೇನ್ರಿ ಸಾವಕಾರ್ರ?" ಎಂದು ಮರ್ಯಾದೆಯಿಂದ ಕೇಳಿದ. ಸಾವಕಾರರಿಗೆ ಅದೇ ಸಾಕಾಯಿತು. "ಮೂರ ಗೇರು ಎತ್ತ ಅದಾವ ಆ ಕಡೇ ನಡಿ" ಎಂದರು. ಮೋಟಾರನ್ನು ತಿರುಗಿಸಿ, ಮೂತಿಯನ್ನು ಭಾಲ್ಕಿಗೂ ಬೆನ್ನನ್ನು ಔರಾದಕ್ಕೂ ಮಾಡಿ, ಮಡೆಪ್ಪ ಕುತ್ತಿಗೆ ಹೊರಳಿಸಿಕೊಂಡು ಬಿಟ್ಟ. ಮೋಟಾರು ಹಾರಿತು.

ಊರ ಹೊರಗೆ ಹೊಸ ಸರಕಾರದ ನಾಕಾ ಇತ್ತು. ಜಮಾದಾರ ಧೊಂಡಿಬಾ ಒಂದು ದೊಡ್ಡ ವಹಿ ಇಟ್ಟುಕೊಂಡು ಬಂದ ವಾಹನ, ಹೋದ ವಾಹನ ಎಂದು ಎರಡು ಸಾಲಿನಲ್ಲಿ ಬರೆಯುತ್ತಿದ್ದ.

"ಎಲ್ಲಿಂದ ಬರ್ಲತ್ತೀರಿ?" ಎಂದ ಧೊಂಡಿಬಾ.

"ಬರ್ಲತ್ತಿಲ್ರಿ, ಹೋಗ್ಲತ್ತೀವಿ," ಎಂದರು ಸಾವಕಾರರು.

ಧೊಂಡಿಬಾ ಇಳಿದು ಬಂದು ಮೋಟಾರನ್ನು ಸುತ್ತು ಹಾಕಿದ. "ಮೋಟಾರಿನ ಮಾರಿ ಎತ್ತ ಅದ?"

"ಭಾಲ್ಕಿ ಕಡಿ."

"ಹಾಂ. ಮಾರಿ ಎತ್ತ ಅದ ಅತ್ತ ಹೋಗಲತ್ತದ ಅಂತ ಬರೀಬೇಕು. ನನಗ ಹಂಗೇ ಕಲಿಸ್ಯಾರ. ನೀವು ಊರಿಗಿ ಬರ್ಲತ್ತೀರಿ."

"ಜಮಾದಾರ್ರ, ಈಗೇ ನಮ್ಮ ಮನ್ಯಾಗಿಂದ ಹೊಂಟೀವ್ರಿ!"

"ಸಾವಕಾರ್ರ, ನಿಮ್ಮ ಮಾತ ನಂಬಲೋ, ನನ್ನ ಕಣ್ಣ ನಂಬಲೋ?" ಎಂದು ಧೊಂಡಿಬಾ 'ಬಂದ ವಾಹನ' ಸಾಲಿನಲ್ಲಿ ಬರೆದು ಸಲಾಮು ಹೊಡೆದ. ಬಂದ ಮೋಟಾರು ಕ್ಷಣದಲ್ಲಿ ಔರಾದದ ದಿಕ್ಕಿನಲ್ಲಿ ಮರೆಯಾಯಿತು.

ಔರಾದದಲ್ಲಿ ಬೀಗರು ಮನ್ಮಥಪ್ಪ ಹತ್ತಾರು ಜನರನ್ನು ಕಟ್ಟಿಕೊಂಡು, ಆರತಿ ತಟ್ಟೆ ಹಿಡಿದ ಹೆಂಗಸರ ಸಮೇತ ಊರ ಬಾಗಿಲಲ್ಲಿ ಕಾಯುತ್ತಿದ್ದರು. ಅವರಿಗೆ ಕಂಡದ್ದು ಮೋಟಾರಿನ ಬೆನ್ನು.

"ಅರೇ, ಬಂದೋರು ಇಳೀದೇ ಹೊಳ್ಳಿ ಹೊಂಟಾರ!" ಎಂದು ಯಾರೋ ಕೂಗಿದರು. "ಏನ ತಪ್ಪಾಯ್ತು? ಯಾರೇನಂದ್ರಿ?" ಎಂದು ಮನ್ಮಥಪ್ಪ ತಲೆಯ ಪಟಗ ಹಿಡಿದುಕೊಂಡು ಅದನ್ನು ನಿಲ್ಲಿಸಲು ಓಡಿದರು. ವಿಚಿತ್ರವೆಂದರೆ ಹೊರಟುಹೋಗುತ್ತಿದ್ದ ಮೋಟಾರು ಅವರ ಮೈಮೇಲೇ ಬರುತ್ತಿತ್ತು. ಮನ್ಮಥಪ್ಪ ಹಾರಿ ಗಟಾರಕ್ಕೆ ಇಳಿದರು. ಹೆಂಗಸರಿಗೆ ಆರತಿ ಎಲ್ಲಿ ಬೆಳಗಬೇಕೋ ತಿಳಿಯದೆ, ಎದುರಿಗೆ ಸಿಕ್ಕ ಸ್ಟೆಪ್ನಿ ಗಾಲಿಗೆ ಬೆಳಗಿ, ಅದಕ್ಕೇ ಅರಿಶಿನ ಕುಂಕುಮ ಹಚ್ಚಿದರು.

ಗಟಾರದಿಂದ ಮೇಲೆ ಬಂದ ಮನ್ಮಥಪ್ಪನ ಮುಖ ಕೆಂಪಾಗಿತ್ತು. "ಏನ್ರಿ ಬೀಗರ, ನಮ್ಮೂರಿಗಿ ಬೆನ್ನ ತೋರಸ್ಕೋತ ಬರೋದಾ?"

ಸಾವಕಾರರು ಮಡೆಪ್ಪನನ್ನು ನೋಡಿದರು, ಮಡೆಪ್ಪ ತನ್ನ ಕಾಲನ್ನು ನೋಡಿದ. ಆಗ ಲಲಿತಾಬಾಯಿ ಸೆರಗು ಸರಿಮಾಡಿಕೊಂಡು, "ಹಂಗಲ್ರಿ ಅಣ್ಣಾರ. ಮಗಳು ಮನ್ಯಾಗ ಇರತನಾ ನಮ್ಮ ಮಾರಿ ಅಕಿ ಕಡೇ ಇರಬೇಕು. ಇದು ನಮ್ಮ ಮನಿ ಪದ್ಧತಿ," ಎಂದರು. ಈ ಪದ್ಧತಿಗೆ ಆಗ ಅರ್ಧ ನಿಮಿಷ ವಯಸ್ಸು. ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಮನ್ಮಥಪ್ಪನಿಗೂ ಮನಸ್ಸು ಕರಗಿತು. ಅಷ್ಟೇ ಅಲ್ಲ, ತಾವೂ ಕಡಿಮೆಯಿಲ್ಲ ಎನ್ನಿಸಿತು. "ಹಂಗಾದ್ರ ಲಗ್ನಕ್ಕ ನಮ್ಮ ಗಾಡೀನೂ ಹಿಂದ ಹಿಂದಕ್ಕೇ ಬರ್ತಾವ!" ಎಂದು ಘೋಷಿಸಿದರು. ಅದನ್ನು ಎತ್ತುಗಳಿಗೆ ಹೇಳುವವರು ಯಾರೆಂದು ಆಗ ಯಾರಿಗೂ ಹೊಳೆಯಲಿಲ್ಲ.

ನಿಶ್ಚಯ ನಡೆಯಿತು. ಒಳಗೆ ಮಾತು, ನಗು, ಹೋಳಿಗೆಯ ವಾಸನೆ. ಮಡೆಪ್ಪ ಹೊರಗೆ ಮೋಟಾರಿನ ನೆರಳಲ್ಲಿ ಕೂತು, ಕುಂಕುಮ ಹಚ್ಚಿದ ಸ್ಟೆಪ್ನಿಯನ್ನು ನೋಡುತ್ತಿದ್ದ. ಉಸ್ತಾದ ಇದನ್ನು ನೋಡಿದ್ದರೆ ಮೊದಲು ಬೈದು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಇಂಥ ನಗೆಯ ಸಂಗತಿ ನಡೆದಿದೆ, ಹೇಳಿಕೊಳ್ಳಲು ಜನವಿಲ್ಲ. ಮಡೆಪ್ಪ ಒಳಗಿನಿಂದ ಕಳಿಸಿದ ಹೋಳಿಗೆಯನ್ನು ಅರ್ಧ ತಿಂದು ಬಿಟ್ಟ.

ಸಂಜೆ ಹಿಂತಿರುಗುವಾಗಲೂ ಬೆನ್ನೇ ಮುಂದು. ಈಗ ಮೂತಿ ಔರಾದದ ಕಡೆ. ಧೊಂಡಿಬಾ ನೋಡಿ, ಸಂದೇಹವಿಲ್ಲದೆ 'ಹೋದ ವಾಹನ' ಎಂದು ಬರೆದ. ಹೀಗೆ ವೈಜಿನಾಥ ಸಾವಕಾರರು ಮನೆಯಲ್ಲಿ ಕೂತು ಬಿಸಿ ರೊಟ್ಟಿ ಉಣ್ಣುತ್ತಿರುವಾಗ ಸರಕಾರದ ಪ್ರಕಾರ ಅವರ ಮೋಟಾರು ಊರು ಬಿಟ್ಟು ಹೋಗಿತ್ತು.

ಮೂರನೆಯ ದಿನ ಧೊಂಡಿಬಾ ಸಾವಕಾರರ ಮನೆಗೆ ಬಂದ. ಬಿಸಿಲಿಗೆ ಸಾಕಾಗಿ ಮೋಟಾರಿಗೆ ಒರಗಿ ನಿಂತು ಕೇಳಿದ: "ಸಾವಕಾರ್ರ, ನಿಮ್ಮ ಮೋಟಾರ್ ಸೋಮವಾರ ಊರ ಬಿಟ್ಟದ್ದು ಇನ್ನ ಬಂದಿಲ್ಲ. ಕಚೇರ್ಯಾಗ ಕೇಳ್ಲತ್ತಾರ. ಎಲ್ಲದ?"

"ನಿಮ್ಮ ಬೆನ್ನಿಗಿ ಅದಲ್ರಿ!"

ಧೊಂಡಿಬಾ ತಿರುಗಿ ನೋಡಿದ, ವಹಿ ನೋಡಿದ. "ಇದು ಇಲ್ಲಿ ಇರ್ಲಿಕ್ಕಿ ಸಾಧ್ಯಾ ಇಲ್ರಿ," ಎಂದ ದುಃಖದಿಂದ.

ಸಾವಕಾರರ ತಾಳ್ಮೆ ಅಲ್ಲಿಗೆ ಮುಗಿಯಿತು. ಮೋಟಾರನ್ನು ಛಪ್ಪರಕ್ಕೆ ತರಿಸಿ ಮಡೆಪ್ಪನ ಎದುರಿಗೆ ನಿಂತರು. "ಎಂಟ ದಿನ ಕೊಡ್ತೇನಿ. ಇದು ಮಾರಿ ಮುಂದ ಮಾಡಿ ನಡೀಬೇಕು. ಇಲ್ಲಂದ್ರ ಬೀದರದಿಂದ ಬ್ಯಾರೆ ಮಿಸ್ತ್ರಿನ ಕರಸಿ ಇದೇ ಛಪ್ಪರದಾಗ ಕೂಡಸ್ತೇನಿ. ನೀ ಅವನಿಗಿ ಕಂದೀಲ ಹಿಡಿ."

ಹೇಳಿ ಅವರು ಹೋದರು. ಮಡೆಪ್ಪ ಉಸ್ತಾದನ ಗೋಣಿಯನ್ನು ನೋಡಿದ. ಬೈಗುಳಕ್ಕೆ ಅವನಿಗೆ ಬೇಸರವಿರಲಿಲ್ಲ, ಇನ್ನೊಬ್ಬರಿಗೆ ಕಂದೀಲು ಹಿಡಿಯುವುದಕ್ಕೂ ಅಡ್ಡಿಯಿರಲಿಲ್ಲ. ಆದರೆ ಆ ಗೋಣಿಯ ಮೇಲೆ ಬೇರೊಬ್ಬ ಬಂದು ಕೂತರೆ ಉಸ್ತಾದ ತಿರುಗಿ ಬರಲು ಊರಲ್ಲಿ ಜಾಗವೇ ಇರುವುದಿಲ್ಲ. ಅವನು ಟೋಪಿ ಹಾಕಿಕೊಂಡು ನೆಟ್ಟಗೆ ಮುನ್ಶಿಯ ಹತ್ತಿರ ನಡೆದ. ಈ ಸಲ ಬರೆಸಿಯೇ ತೀರುವುದು ಎಂದು ದಾರಿಯುದ್ದಕ್ಕೂ ಅಂದುಕೊಂಡ.

"ಬರೀರಿ ಮುನ್ಶಿಜಿ. ಎಲ್ಲಾ ಖೈರಿಯತ್ ಅದ."

"ಬರದೆ. ಮತ್ತ?"

"ಸಾವಕಾರರ ಮೋಟಾರಿನ ಗೋಲಾ ನಾನೇ ದುರಸ್ತ ಮಾಡೀನಿ."

ಮುನ್ಶಿ ಕನ್ನಡಕದ ಮೇಲಿಂದ ನೋಡಿದ. ಆ ಮೋಟಾರಿನ ಸುದ್ದಿ ಕಿವಿ ಮಂದವಾದವನಿಗೂ ತಲುಪಿತ್ತು. "ಹಿಂದ ಹಿಂದಕ್ಕ ಹೋಗ್ತದ ಅಂತ ಬರೀಲೇನು?"

"ಬ್ಯಾಡ್ರಿ!"

"ಮತ್ತೇನ ಬರೀಲಿ? ಅರ್ಧಾ ಖಾಲಿ ಅದ."

ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಇಬ್ಬರು ಕೂತು ಇವನನ್ನೇ ನೋಡಿ ನಗುತ್ತಿದ್ದರು. ಮಡೆಪ್ಪ ಟೋಪಿ ಸರಿಮಾಡಿಕೊಂಡ. "ಖಾಲಿ ಇರ್ಲಿರಿ," ಎಂದು ಎದ್ದುಬಂದ.

ಆರು ದಿನ ಅವನು ಮೋಟಾರನ್ನು ಸುತ್ತು ಹಾಕಿದ. ಗೇರ್ ಡಬ್ಬಿಯ ಮುಚ್ಚಳ ತೆಗೆದು ನೋಡಿದ, ಎಲ್ಲ ಸರಿಯಿತ್ತು. ಗೇರಿನ ದಂಡಿಗೆ ಬಗ್ಗಿದೆಯೇನೋ ಎಂದು ನೆಟ್ಟಗೆ ಮಾಡಿದ, ಅದು ಮೊದಲೇ ನೆಟ್ಟಗಿತ್ತು. ಗೋಲಾವನ್ನು ಮಾತ್ರ ಮುಟ್ಟಲಿಲ್ಲ, ಅದರ ಬಗ್ಗೆ ಅವನಿಗೆ ಸಂಶಯವೇ ಇರಲಿಲ್ಲ.

ಏಳನೆಯ ದಿನ ಬೆಳಗಿನ ರೈಲು ಹೋದ ಸ್ವಲ್ಪ ಹೊತ್ತಿಗೆ ಛಪ್ಪರದ ಬಾಗಿಲಲ್ಲಿ ನೆರಳು ಬಿತ್ತು. ಜಹೀರೋದ್ದೀನ ಮಿಸ್ತ್ರಿ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಕೈಯಲ್ಲಿ ಮಗಳು ಕಟ್ಟಿಕೊಟ್ಟ ಬುತ್ತಿ. ಮಡೆಪ್ಪ ಎದ್ದ. ಎಣ್ಣೆಗೈಯನ್ನು ಅಂಗಿಗೆ ಒರೆಸಿಕೊಂಡ.

"ಎಲ್ಲಾ ಖೈರಿಯತ್ ಅದ?" ಎಂದ ಮಿಸ್ತ್ರಿ.

"ಅದ, ಉಸ್ತಾದ."

"ಕಾಣ್ಸಲತ್ತದ." ಮಿಸ್ತ್ರಿ ಜೇಬಿನಿಂದ ಕಾರ್ಡು ತೆಗೆದ. ಖಾಲಿ ಬಿಟ್ಟ ಅರ್ಧದಲ್ಲಿ ಮುನ್ಶಿಯ ಅಚ್ಚುಕಟ್ಟಾದ ಅಕ್ಷರಗಳಿದ್ದವು. "ಮುನ್ಶಿ ಬರದಾನ: ಮೋಟಾರ್ ಹಿಂದಕ್ಕ ಮೂರ ಗೇರು ಹೋಗ್ತದ, ಮುಂದಕ್ಕ ಒಂದ. ಮಡೆಪ್ಪ ಹೇಳಲಿಕ್ಕಿ ನಾಚ್ತಾನ, ಅದಕ್ಕ ನಾನೇ ಬರೀಲತ್ತೀನಿ, ಅಂತ. ಅದು ಓದಿ ನಾ ನಗ್ಲತ್ತಿದ್ದೆ, ನನ್ನ ಮಗಳು ಅಬ್ಬಾಗ ಏನಾಯ್ತು ಅಂತ ಹೆದರಿಬಿಟ್ಟಳು. ಸಂಜಿ ಗಾಡೀಗಿ ಹೋಗಬೇಕು, ತಿಕೀಟ್ ಹೊಳ್ಳಿ ಹೋಗೋದೂ ತಗೊಂಡೀನಿ. ಕಂದೀಲ ತಾ."

ಮಿಸ್ತ್ರಿ ತನ್ನ ಗೋಣಿ ಹಾಸಿ ಕೂತ. ಮಡೆಪ್ಪ ಕಂದೀಲು ಹಚ್ಚಿ, ಮೈತುಂಬ ಹುರುಪಿನಿಂದ, ಎದುರಿನ ಗೋಣಿಯ ಕಡೆ ಹೊರಟ.

"ಎಲ್ಲಿಗಿ?"

"ನನ್ನ ಜಾಗಕ್ಕ."

"ಅದೇ ನೋಡು ನಿನ್ನ ರೋಗ," ಎಂದ ಮಿಸ್ತ್ರಿ. "ಈ ಕಡಿ ಬಾ. ನನ್ನ ಬಾಜೂಕ ಕೂಡು. ಹನ್ನೊಂದ ವರ್ಷ ಎದುರಿಗಿ ಕೂತು ನೋಡಿದಿ. ನನ್ನ ಎಡಗೈ ನಿನಗ ಬಲಗೈ. ಕ್ರೌನ್ ನಿನ್ನ ಉಣ್ಣೋ ಕೈ ಕಡಿ ಕಂಡದ, ನೀ ಬಂದು ನನ್ನ ಜಾಗದಾಗ ಕೂತು ಉಣ್ಣೋ ಕೈ ಕಡೇ ಹಾಕಿದಿ." ದನಿ ತಗ್ಗಿಸಿ ಹೇಳಿದ: "ನಿನ್ನ ತಪ್ಪಲ್ಲ. ಈ ಕಡಿ ಬಾ ಅಂತ ನಾನೇ ಎಂದೂ ಅನ್ಲಿಲ್ಲ."

ಮಡೆಪ್ಪ ಪಕ್ಕದಲ್ಲಿ ಕೂತ. ಗೋಣಿ ಒಬ್ಬರಿಗೆ ಮಾಡಿದ್ದು, ಇಬ್ಬರ ಭುಜ ಒಂದಕ್ಕೊಂದು ತಾಗುತ್ತಿತ್ತು. ಈ ಕಡೆಯಿಂದ ಗೋಲಾ ಬೇರೆಯೇ ವಸ್ತುವಾಗಿ ಕಂಡಿತು. ಮಧ್ಯಾಹ್ನದವರೆಗೆ ಬಿಚ್ಚಿದರು, ಕ್ರೌನನ್ನು ಎಡಕ್ಕೆ ಹೊರಳಿಸಿದರು, ಫಕ್ರುನ್ನಿಸಾಳ ಬುತ್ತಿ ಹಂಚಿಕೊಂಡು ಉಂಡು ಮತ್ತೆ ಕಟ್ಟಿದರು. ಮಿಸ್ತ್ರಿ ಇಡೀ ದಿನ ಮಾತಾಡಿದ. ಹಲ್ಲಿನ ನಡುವೆ ಎಷ್ಟು ಸಂದು ಇರಬೇಕು, ಬೋಲ್ಟು ಎಷ್ಟು ಬಿಗಿಯಬೇಕು, ಎಲ್ಲ ಹೇಳಿದ. ಮಡೆಪ್ಪನಿಗೆ ಒಂದೊಂದು ಮಾತೂ ಮನಸ್ಸಿಗೆ ಇಳಿಯಿತು.

ಮೂರನೆ ಪ್ರಹರದಲ್ಲಿ ಮೋಟಾರು ಮೂತಿ ಮುಂದೆ ಮಾಡಿ ನಾಕಾದವರೆಗೆ ಹೋಯಿತು. ಧೊಂಡಿಬಾ ಅಡ್ಡಗಟ್ಟಿದ. "ಹೋದ ಮೋಟಾರ್ ಮತ್ತ ಹ್ಯಾಂಗ ಹೋಗ್ತದ? ಮೊದಲ ಬರಲಿ!" ಎಂದ. ಅಲ್ಲೇ ತಿರುಗಿಸಿಕೊಂಡರು. ಮೂತಿ ಭಾಲ್ಕಿಯ ಕಡೆ ಆದದ್ದೇ ತಡ, ಧೊಂಡಿಬಾ 'ಬಂತು' ಎಂದು ದೊಡ್ಡದಾಗಿ ಬರೆದು, ಎಂಟು ದಿನದಿಂದ ಕಳೆದುಹೋಗಿದ್ದ ವಾಹನವನ್ನು ಕೈಯಿಂದ ಸವರಿದ.

ಛಪ್ಪರಕ್ಕೆ ಬಂದಾಗ ಹೊತ್ತು ಇಳಿದಿತ್ತು. ಸಾವಕಾರರು ನಾಳೆ ಬೆಳಿಗ್ಗೆ ಮೋಟಾರು ಒಯ್ಯುವುದೆಂದು ಹೇಳಿಕಳಿಸಿದ್ದರು. ಮಿಸ್ತ್ರಿ ಸೀಮೆಎಣ್ಣೆಯಲ್ಲಿ ಕೈ ತೊಳೆದು ಟೋಪಿ ಹಾಕಿಕೊಂಡ, ಖಾಲಿ ಬುತ್ತಿ ಕೈಗೆ ತೆಗೆದುಕೊಂಡ.

"ಇನ್ನ ನಂದೇನೂ ಕೆಲಸ ಇಲ್ಲಿಲ್ಲ. ಫಕ್ರುನ್ನಿಸಾ ಅಂತಾಳ, ಅಬ್ಬಾ, ಆ ಊರಾಗ ನಿಮಗ ಯಾರ ಕಾಯ್ಲತ್ತಾರ, ಪ್ರತಿ ಕಾರ್ಡದಾಗೂ ಮಡೆಪ್ಪ ಒಬ್ಬನೇ ಸಂಭಾಳಸ್ಲತ್ತೀನಿ ಅಂತಾನಲ್ಲ ಅಂತ. ಅದೂ ಖರೇನೇ." ಬಾಗಿಲ ತನಕ ಹೋದವನು ನಿಂತ. "ಹೋಗೋ ಮುಂಚೆ ಒಂದ ಕೇಳ್ತೇನಿ. ಸರಿ ಹೇಳಿದಿ ಅಂದ್ರ ನೀ ಪಕ್ಕಾ ಮಿಸ್ತ್ರಿ ಆದಿ, ನಾ ನಿಶ್ಚಿಂತಿಲೇ ಹೋಗ್ತೇನಿ. ಈ ಗೋಣಿ ಮ್ಯಾಲ ಕೂತಾಗ ಕ್ರೌನ್ ಯಾವ ಕೈ ಕಡಿ?"

ಮಡೆಪ್ಪನಿಗೆ ಗೊತ್ತಿತ್ತು. ಎಡಕ್ಕೆ. ತನ್ನ ಹೆಸರಿಗಿಂತ ಚೆನ್ನಾಗಿ ಗೊತ್ತಿತ್ತು. ಕಮಲನಗರದ ಕಡೆಯಿಂದ ಸಂಜೆ ಗಾಡಿಯ ಸೀಟಿ ಕೇಳಿಸಿತು.

"ಉಣ್ಣೋ ಕೈ ಕಡಿ, ಉಸ್ತಾದ."

ಮಿಸ್ತ್ರಿ ಅವನ ಮುಖವನ್ನೇ ನೋಡಿದ. ಮಡೆಪ್ಪ ಕಂದೀಲನ್ನು ನೋಡಿದ.

"ಪಕ್ಕಾ?"

"ಪಕ್ಕಾ. ನನಗೇನೂ ತಿಳಿಲಿಲ್ಲ."

ಗಾಡಿ ಸ್ಟೇಷನ್ನಿಗೆ ಬಂತು, ನಿಂತಿತು. ಮಿಸ್ತ್ರಿ ಅಲ್ಲೇ ನಿಂತಿದ್ದ. ಇನ್ನೊಂದು ಸೀಟಿ ಆಗಿ ಅದು ಬೀದರದ ಕಡೆ ಹೊರಟ ಮೇಲೆ, ಟೋಪಿ ತೆಗೆದು ಹಳೆಯ ಮೊಳೆಗೆ ತೂಗುಹಾಕಿದ. ಗೋಣಿಯ ಮೇಲೆ ಕೂತು, ಒಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟ.

"ಇನ್ನೊಮ್ಮಿ ಬಿಚ್ಚು," ಎಂದ. "ಅದಕಿನ ಮೊದಲ ಚಾ ತಾ."

ಮಡೆಪ್ಪ ಎರಡು ಕಪ್ಪು ಚಹಾ ಮಾಡಿದ, ಒಂದೇ ಕುಡಿದ.